ನಾನು ನೋಟ್ಸ್ ಬರೆಸುವುದನ್ನು ಬಿಟ್ಟದ್ದು

ನಾನು ನಿವೃತ್ತನಾದ ದಿನ ಸಭೆಯಲ್ಲಿ ಏಳು ಜನ ಮಾತಾಡಿದರು. ಅವರಲ್ಲಿ ಐವರು ನನ್ನ ನೋಟ್ಸನ್ನು ಹೊಗಳಿದರು. 'ಮಾಸ್ತರು ಬರೆಸಿದ ನೋಟ್ಸ್ ಓದಿಯೇ ನಾವು ಕಾಲೇಜು ದಾಟಿದೆವು' ಎಂದು ಒಬ್ಬರಂತೂ ಕಣ್ಣೊರೆಸಿಕೊಂಡರು. ಶಾಲು ಹೊದ್ದು ಕುರ್ಚಿಯಲ್ಲಿ ಕೂತಿದ್ದ ನನಗೆ ಮೈಯೆಲ್ಲ ಉರಿಯಿತು. ನಾನು ನನ್ನ ಜೀವಮಾನದಲ್ಲಿ ನೋಟ್ಸ್ ಬರೆಸಿದ್ದು ಎರಡೇ ವರ್ಷ. ಆ ನೋಟ್ಸ್ ಹನ್ನೊಂದು ಜನರನ್ನು ಹಾಳು ಮಾಡುವುದರಲ್ಲಿತ್ತು. ಅದಾದ ಮೇಲೆ ಯಾರು ಬೈದರೂ, ಯಾರು ಕೈಮುಗಿದರೂ ಒಂದು ಸಾಲೂ ಬರೆಸಲಿಲ್ಲ. ಸಭೆಯಲ್ಲಿ ಇದನ್ನು ಹೇಳಲು ಎದ್ದು ನಿಂತೆ, ಅಷ್ಟರಲ್ಲಿ ಹಾರ ಹಾಕಿ ಫೋಟೋ ತೆಗೆದು ಉಪ್ಪಿಟ್ಟು ಹಂಚಲು ಶುರು ಮಾಡಿದರು.

ಮೊನ್ನೆ ನಮ್ಮೂರ ಕಾಲೇಜಿಗೆ ಹೊಸದಾಗಿ ನೇಮಕವಾದ ತರುಣರೊಬ್ಬರು ಮನೆಗೆ ಬಂದಿದ್ದರು. ಒಳ್ಳೆಯ ಹುಡುಗ, ಇಸ್ತ್ರಿ ಅಂಗಿ. 'ಸರ, ನಿಮ್ಮ ಹಳೇ ನೋಟ್ಸ್ ಇದ್ರ ಕೊಡ್ರಿ, ಹುಡುಗ್ರಿಗೆ ಬರಸ್ತೀನಿ' ಅಂದರು. ಚಹಾ ಕುಡಿಸಿ ಬರಿಗೈಯಲ್ಲಿ ಕಳಿಸಿದೆ. ಮುದುಕ ಜಿಪುಣ ಎಂದುಕೊಂಡು ಹೋಗಿರಬೇಕು. ಇರಲಿ. ಅವರಿಗೆ ಕೊಡಬೇಕಾದದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಯಾವಾಗ ಹೆಡ್‌ಮಾಸ್ತರನಾದೆ, ಯಾವ ಗ್ರೇಡು ಸಿಕ್ಕಿತು ಎಂಬುದನ್ನೆಲ್ಲ ಬರೆಯುವುದಿಲ್ಲ, ಅದು ನನಗೇ ನೆನಪಿಲ್ಲ.

ಸಿಂಧನೂರಿನ ಶಾಲೆಯೊಂದರಲ್ಲಿ ನಾನು ಕೆಲಸಕ್ಕೆ ಸೇರಿದ್ದು ೧೯೪೮ರಲ್ಲಿ, ನಿಜಾಮರ ಆಡಳಿತದ ಕೊನೆಯ ದಿನಗಳಲ್ಲಿ. ಆಗ ಪಾಠವೆಲ್ಲ ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಕನ್ನಡ, ಪುಸ್ತಕ ತೆರೆದರೆ ಉರ್ದು. ಹೀಗಾಗಿ ಓದು ಅಂದರೆ ಉರು ಹೊಡೆಯುವುದು, ಬೇರೆ ಅರ್ಥವೇ ಇರಲಿಲ್ಲ. ನಾನೂ ಹಾಗೆಯೇ ಓದಿದವನು. ಭೂಗೋಳದ ಇಡೀ ಪುಸ್ತಕ ನನ್ನ ಬಾಯಲ್ಲಿತ್ತು. ಆದರೆ ಯಾರಾದರೂ ನಡುವೆ ತಡೆದು ಒಂದು ಪ್ರಶ್ನೆ ಕೇಳಿದರೆ ಮುಗಿಯಿತು, ಮತ್ತೆ ಪಾಠದ ಮೊದಲ ಸಾಲಿನಿಂದ ಶುರು ಮಾಡಬೇಕು. ಕಾಲೇಜಿಗೆ ಹೋದಾಗ ಈ ವಿದ್ಯೆ ಒಂದೇ ವರ್ಷದಲ್ಲಿ ನನ್ನ ಕೈಬಿಟ್ಟಿತು. ಪರೀಕ್ಷೆಯಲ್ಲಿ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದ್ದರು. ನನಗೆ ಗೊತ್ತಿದ್ದ ಉತ್ತರ ಆ ಪ್ರಶ್ನೆಗೆ ಹೊಂದುತ್ತದೆಯೋ ಇಲ್ಲವೋ ಎಂಬುದೇ ತಿಳಿಯಲಿಲ್ಲ. ಇಂಟರ್‌ಮೀಡಿಯೆಟ್ಟನ್ನು ಎರಡನೇ ಸಲಕ್ಕೆ ಹೇಗೋ ದಾಟಿ ಮಾಸ್ತರನಾದೆ. ಮಾಸ್ತರನಾಗಿ ಮಾಡಿದ್ದೇನು? ನನ್ನನ್ನು ನಪಾಸು ಮಾಡಿದ ವಿದ್ಯೆಯನ್ನೇ ಮಕ್ಕಳಿಗೆ ಕಲಿಸಲು ಕುಳಿತೆ.

ಅದೇ ವರ್ಷ ನಿಜಾಮರ ರಾಜ್ಯ ಹೋಯಿತು. ಪೊಲೀಸ್ ಕಾರ್ಯಾಚರಣೆಯ ಗದ್ದಲದಲ್ಲಿ ಶಾಲೆ ತಿಂಗಳುಗಟ್ಟಲೆ ಮುಚ್ಚಿ, ಮತ್ತೆ ತೆರೆದಾಗ ಕನ್ನಡದಲ್ಲಿ ಕಲಿಸಿರಿ ಎಂಬ ಹುಕುಂ ಬಂತು. ಕನ್ನಡದಲ್ಲಿ ಪುಸ್ತಕವಿಲ್ಲ. ನಮ್ಮ ಹೆಡ್‌ಮಾಸ್ತರ್ ಖಾದರ್ ಸಾಹೇಬರಿಗೆ ಕನ್ನಡ ಓದಲೇ ಬರುತ್ತಿರಲಿಲ್ಲ. ಐವತ್ತರ ವಯಸ್ಸು, ಬಿಳಿ ಗಡ್ಡ. ಬೇರೆಯವರು ಹೈದರಾಬಾದಿಗೆ ವರ್ಗ ಮಾಡಿಸಿಕೊಂಡು ಹೋದರೆ ಇವರು ಒಂದನೇ ಇಯತ್ತೆಯ ಹುಡುಗರ ಜೊತೆ ಚಾಪೆಯ ಮೇಲೆ ಕೂತು ಅ ಆ ತಿದ್ದಿದರು. ಮೂರು ತಿಂಗಳಿಗೆ ಕಥೆ ಓದತೊಡಗಿದರು. ಅವರ ರೀತಿ ವಿಚಿತ್ರವಾಗಿತ್ತು. ಅರ್ಧ ಪುಟ ಓದುವುದು, ಪುಸ್ತಕ ಮುಚ್ಚುವುದು, ಎದುರಿಗೆ ಯಾರಿದ್ದರೆ ಅವರಿಗೆ ಓದಿದ್ದನ್ನು ತಮ್ಮ ಮಾತಿನಲ್ಲಿ ಹೇಳುವುದು. ಜವಾನ ಕಸ ಗುಡಿಸುತ್ತಿದ್ದರೆ ಅವನಿಗೇ ಹೇಳುವರು. ನಾನು ಒಮ್ಮೆ ನಕ್ಕೆ.

'ನಗಬ್ಯಾಡ್ರಿ ಶರಣಪ್ಪ' ಅಂದರು. 'ಕಿತಾಬ್ ಖುಲ್ಲಾ ಇದ್ರ ಎಲ್ಲಾ ಬಂದಂಗ ಕಾಣ್ತದ. ಬಂದ್ ಮಾಡಿದ ಮ್ಯಾಲ ಎಷ್ಟು ಉಳೀತದ, ಅಷ್ಟ ನಿಮ್ದು.'

ನಾನು ತಲೆಯಾಡಿಸಿ ಮರೆತುಬಿಟ್ಟೆ. ಹಿರಿಯರು ಒಳ್ಳೆಯ ಮಾತು ಹೇಳಿದಾಗ ಕೇಳಿಸಿಕೊಳ್ಳದಿರುವುದರಲ್ಲಿ ಆಗ ನನ್ನನ್ನು ಮೀರಿಸುವವರು ಇರಲಿಲ್ಲ.

ಎರಡು ವರ್ಷಗಳ ಮೇಲೆ ಲಿಂಗಸುಗೂರಿಗೆ ವರ್ಗವಾಯಿತು. ಅಲ್ಲಿ ಹಳೆಯ ವಾಡೆಯೊಂದರಲ್ಲಿ ಬಾಡಿಗೆಗೆ ನಡೆಯುತ್ತಿದ್ದ ಪ್ರೌಢಶಾಲೆ. ಆ ಶಾಲೆ ಈಗ ಇಲ್ಲ, ಹೆಸರೂ ಬೇಡ. ನನಗೆ ವಿಜ್ಞಾನ ಕೊಟ್ಟರು. ಕನ್ನಡದಲ್ಲಿ ವಿಜ್ಞಾನದ ಪುಸ್ತಕ ಇನ್ನೂ ಬಂದಿರಲಿಲ್ಲವಾಗಿ ನಾನು ನನ್ನ ಹಳೆಯ ಉರ್ದು ನೋಟುಬುಕ್ಕನ್ನೇ ಕನ್ನಡಕ್ಕೆ ತಿರುಗಿಸಿ ಬರೆಸತೊಡಗಿದೆ. ಇದಕ್ಕೆ ಅಲ್ಲಿ 'ಇಮ್ಲಾ' ಎನ್ನುತ್ತಿದ್ದರು. ಮಾಸ್ತರು ಹೇಳುತ್ತ ಹೋಗುವುದು, ಮಕ್ಕಳು ತಲೆ ಎತ್ತದೆ ಬರೆಯುತ್ತ ಹೋಗುವುದು. ನಾನು 'ಇದು ಮುಖ್ಯ, ಎಲ್ಲರೂ ನೆನಪಿಡಿ' ಎಂದರೆ ಅದನ್ನೂ ಬರೆದುಕೊಳ್ಳುವರು. ಒಮ್ಮೆ ಕೆಮ್ಮು ಬಂದು 'ತಡೀರಿ, ನೀರು ಕುಡೀತೀನಿ' ಅಂದದ್ದು ಮೂವರ ನೋಟುಬುಕ್ಕಿನಲ್ಲಿ ಉಷ್ಣದ ಪಾಠದ ನಡುವೆ ಸೇರಿತ್ತು. ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿಕೊಂಡು ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ನಗುವಂಥದ್ದು ಆಗಿರಲಿಲ್ಲ ಎಂದು ತಿಳಿಯಲು ಇನ್ನೂ ಒಂದು ವರ್ಷ ಬೇಕಾಯಿತು.

ಮೆಟ್ರಿಕ್ ತರಗತಿಯಲ್ಲಿ ಹನ್ನೊಂದು ಜನರಿದ್ದರು. ಶಾಲೆಗಳು ಮುಚ್ಚಿ ತೆರೆದ ಗದ್ದಲದಲ್ಲಿ ವರ್ಷ ಕಳೆದುಕೊಂಡವರು ಬಹಳ. ಮೀಸೆ ಬಂದವರು, ಮದುವೆಯಾದವರು. ಅವರಲ್ಲಿ ದುರುಗಪ್ಪನಿಗೆ ಇಪ್ಪತ್ತೆರಡು ವರ್ಷ. ಮಸ್ಕಿಯಿಂದ ಪಾಮನಕಲ್ಲೂರಿಗೆ ಹೋಗುವ ದಾರಿಯ ಒಂದು ಸಣ್ಣ ಹಳ್ಳಿ, ಊರ ಹೊರಗಿನ ಕೇರಿ. ತಂದೆ ಊರ ವಾಲೀಕಾರ. ಪೊಲೀಸ್ ಪಾಟೀಲರ ಮಾತನ್ನು ಮನೆಮನೆಗೆ ಮುಟ್ಟಿಸುವುದು, ಬಂದ ಅಧಿಕಾರಿಗಳ ಸಾಮಾನು ಹೊರುವುದು, ಕರೆದಾಗ ಓಡುವುದು ಆತನ ಕೆಲಸ. ಮುದುಕನಿಗೆ ಕಾಲು ಸೋತಿತ್ತು. ಮಗ ಬಂದು ಆ ಕೆಲಸಕ್ಕೆ ನಿಲ್ಲಲಿ ಎಂದು ಪಾಟೀಲರು ಕಾಯುತ್ತಿದ್ದರು. ಕಾಲೇಜಿಗೆ ಹೋದರೆ ದುರುಗಪ್ಪ ಅದರಿಂದ ಪಾರು. ನಪಾಸಾದರೆ ಮರುದಿನವೇ ಪಾಟೀಲರ ಬಾಗಿಲಲ್ಲಿ ನಿಲ್ಲಬೇಕು. ಎರಡನೇ ಸಲ ಪರೀಕ್ಷೆಗೆ ಕೂರುವ ಅವಕಾಶ ಅವನಿಗೆ ಯಾರೂ ಕೊಡುತ್ತಿರಲಿಲ್ಲ.

ಪರೀಕ್ಷೆ ಮುಗಿಯಿತು. ಎಲ್ಲ ಶಾಲೆಗಳ ಫಲಿತಾಂಶ ಬಂತು, ನಮ್ಮದು ಬರಲಿಲ್ಲ. ತಡೆಹಿಡಿದಿದ್ದಾರೆಂದು ಸುದ್ದಿ. ವಿಜ್ಞಾನದ ಪತ್ರಿಕೆಯಲ್ಲಿ ಆಮ್ಲಜನಕ ತಯಾರಿಸುವ ವಿಧಾನ ಕೇಳಿದ್ದರಂತೆ. ಹನ್ನೊಂದೂ ಜನ ಅಕ್ಷರಕ್ಕೆ ಅಕ್ಷರ ಒಂದೇ ಬರೆದಿದ್ದರು, ಒಂದೇ ತಪ್ಪನ್ನು ಒಂದೇ ಜಾಗದಲ್ಲಿ ಮಾಡಿದ್ದರು. ಸಾಲದ್ದಕ್ಕೆ ಉತ್ತರದ ಕೊನೆಯಲ್ಲಿ ಹನ್ನೊಂದೂ ಜನ ಪರೀಕ್ಷಕರಿಗೆ 'ಇದು ಮುಖ್ಯ, ಎಲ್ಲರೂ ನೆನಪಿಡಿ' ಎಂದು ಬುದ್ಧಿ ಹೇಳಿದ್ದರು. ಸಾಮೂಹಿಕ ನಕಲು ಎಂದು ವರದಿ ಹೋಗಿ, ವಿಚಾರಣೆಗೆ ಇನ್ಸ್‌ಪೆಕ್ಟರ್ ಬರುವವರಿದ್ದರು.

ತಪ್ಪು ಏನೆಂದು ಹೇಳಿಬಿಡುತ್ತೇನೆ. ಗಾಜಿನ ನಳಿಕೆಯಲ್ಲಿ ರಾಸಾಯನಿಕ ಪುಡಿ ಹಾಕಿ ದೀಪದ ಮೇಲೆ ಕಾಯಿಸಿ, ಹೊರಬರುವ ಗಾಳಿಯನ್ನು ಬಾಗಿದ ಕೊಳವೆಯಿಂದ ನೀರಿನ ತೊಟ್ಟಿಗೆ ಬಿಡುವ ಪ್ರಯೋಗ ಅದು. ಮುಗಿದ ಮೇಲೆ ಮೊದಲು ಕೊಳವೆಯನ್ನು ನೀರಿನಿಂದ ತೆಗೆಯಬೇಕು, ಆಮೇಲೆ ದೀಪ ಆರಿಸಬೇಕು. ನಾನು ಕನ್ನಡಕ್ಕೆ ತಿರುಗಿಸುವಾಗ ಈ ಎರಡು ಕೆಲಸವನ್ನು ಹಿಂದುಮುಂದು ಮಾಡಿದ್ದೆ. ಪ್ರಯೋಗವನ್ನು ಒಮ್ಮೆ ಮಾಡಿ ನೋಡಿದ್ದರೆ ತಿಳಿದುಬಿಡುತ್ತಿತ್ತು. ಆದರೆ ನಮ್ಮ ಶಾಲೆಯ ಗಾಜಿನ ಸಾಮಾನೆಲ್ಲ ಒಂದು ಬೀರುವಿನಲ್ಲಿತ್ತು, ಬೀರುವಿನ ಕೀಲಿ ಹೆಡ್‌ಮಾಸ್ತರ್ ರಂಗರಾಯರ ಜೇಬಿನಲ್ಲಿತ್ತು. ಒಡೆದರೆ ಯಾರು ಜವಾಬ್ದಾರರು ಎಂದು ಅವರು ಎರಡು ವರ್ಷದಲ್ಲಿ ಒಮ್ಮೆಯೂ ತೆರೆದಿರಲಿಲ್ಲ. ನಾನೂ ಕೇಳಿರಲಿಲ್ಲ.

ರಂಗರಾಯರು ನನ್ನನ್ನು ಕರೆದು ಬಾಗಿಲು ಹಾಕಿದರು. ಒಳ್ಳೆಯ ಇಂಗ್ಲಿಷ್, ಶಿಸ್ತಿನ ಮನುಷ್ಯ, ಶಾಲೆಯ ರಿಸಲ್ಟು ಅವರ ಪ್ರಾಣ.

'ನೋಡ್ರಿ, ಹನ್ನೊಂದೂ ಹೋದ್ರ ಶಾಲಿ ಹೋತು' ಅಂದರು. 'ಒಬ್ಬನ ಮ್ಯಾಲ ಹಾಕೋಣು. ಉಳದವರು ಅವನ ಪೇಪರ್ ನೋಡಿ ಬರದಾರ, ಅವನ ತೋರಿಸ್ಯಾನ ಅಂತ ಬರೀರಿ. ಹತ್ತು ಮಂದಿಗೆ ತಾಕೀತು ಕೊಟ್ಟು ಬಿಡ್ತಾರ.'

'ಒಬ್ಬ ಅಂದ್ರ ಯಾರ್ರಿ?'

'ಆ ದುರುಗಪ್ಪ ಇದ್ದಾನಲ್ಲ. ಅವಂಗ ಊರಾಗ ಹೆಂಗಿದ್ರೂ ಕೆಲಸ ಕಾದದ. ಕಾಲೇಜು ಅವಂಗ್ಯಾಕ ಬೇಕು?'

ನನಗೆ ಆಗ ಇಪ್ಪತ್ತೇಳು. ಮನೆಯಲ್ಲಿ ಚೊಚ್ಚಲ ಬಾಣಂತಿ. ಮೇಲಧಿಕಾರಿಗೆ ಎದುರು ಮಾತಾಡಿ ಗೊತ್ತೇ ಇರಲಿಲ್ಲ. ಆದರೆ ಆ ಮಾತು ಕೇಳಿ ಕಿವಿಗೆ ಕಾದ ಎಣ್ಣೆ ಬಿಟ್ಟಂತಾಯಿತು. ತಪ್ಪು ಮಾಡಿದ್ದು ನಾನು, ಪ್ರಯೋಗ ಮಾಡದಂತೆ ಬೀಗ ಹಾಕಿದ್ದು ಇವರು, ತಲೆ ಕೊಡಬೇಕಾದವನು ದುರುಗಪ್ಪ. 'ನನ್ನ ಕೈಯಾಗ ಆಗಂಗಿಲ್ರಿ' ಅಂದೆ. 'ಯಾಕ ಆಗಂಗಿಲ್ಲ?' ಅಂದರು. 'ತಪ್ಪು ನಂದೈತ್ರಿ. ಇನ್ಸ್‌ಪೆಕ್ಟರ್ ಬಂದ್ರ ನನ್ನ ನೋಟುಬುಕ್ಕ ಅವರ ಮುಂದ ಇಡ್ತೀನಿ' ಅಂದೆ. 'ನೌಕರಿ ಹೋದೀತು' ಅಂದರು. ಹೋಗಲಿ ಅಂದೆ. ಬಾಗಿಲು ತೆಗೆದು ಹೊರಗೆ ಬಂದೆ.

ಇನ್ಸ್‌ಪೆಕ್ಟರ್ ಬಂದರು. ಕಡ್ಡಿಯಂಥ ಮನುಷ್ಯ, ದಪ್ಪ ಕನ್ನಡಕ. ಹನ್ನೊಂದೂ ಜನರನ್ನು ಸಾಲಾಗಿ ನಿಲ್ಲಿಸಿದ್ದೆವು. ನಾನು ನೋಟುಬುಕ್ಕನ್ನು ಮೇಜಿನ ಮೇಲಿಟ್ಟು, 'ಇವರು ನಕಲು ಮಾಡಿಲ್ಲ. ನಾನು ತಪ್ಪು ಬರೆಸಿದ್ದೇನೆ, ಇವರು ತಪ್ಪನ್ನೇ ಉರು ಹೊಡೆದಿದ್ದಾರೆ. ಬೇಕಾದರೆ ಈಗಲೇ ಬಾಯಲ್ಲಿ ಕೇಳಿರಿ' ಎಂದೆ. ರಂಗರಾಯರು ನನ್ನನ್ನು ನುಂಗುವಂತೆ ನೋಡಿದರು.

ಇನ್ಸ್‌ಪೆಕ್ಟರ್ ಮೊದಲನೆಯವನನ್ನು ಕೇಳಿದರು. ಅವನು ಕಣ್ಣು ಮುಚ್ಚಿ ಆಮ್ಲಜನಕವನ್ನು ಗಡಗಡ ಹೇಳತೊಡಗಿದ. ನಡುವೆ ತಡೆದು, 'ಅಲ್ಲಿ ನೀರು ಯಾಕೆ ಬೇಕು?' ಎಂದರು. ಹುಡುಗ ಮತ್ತೆ ಮೊದಲ ಸಾಲಿನಿಂದ ಶುರು ಮಾಡಿದ. ಎರಡನೆಯವನೂ ಅಷ್ಟೇ, ಮೂರನೆಯವನೂ ಅಷ್ಟೇ. ನನ್ನದೇ ಹರೆಯ ನನ್ನೆದುರು ಸಾಲಾಗಿ ನಿಂತು ಪಾಠ ಒಪ್ಪಿಸುತ್ತಿತ್ತು. ನಾಚಿಕೆಯಿಂದ ನೆಲ ನೋಡುತ್ತ ನಿಂತಿದ್ದೆ.

ಏಳನೆಯವನ ಹೊತ್ತಿಗೆ ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟರು. 'ಇವರು ಕದ್ದಿಲ್ಲ' ಎಂದರು. 'ಆದರೆ ಕಲಿತೂ ಇಲ್ಲ.'

ದುರುಗಪ್ಪ ಎಂಟನೆಯವನು. 'ಮೊದಲು ದೀಪ ಆರಿಸಬೇಕು ಅಂತ ಬರೆದಿದ್ದೀಯಲ್ಲ, ಯಾಕೆ?' ಎಂದು ಅವನನ್ನು ಕೇಳಿದರು.

'ಗೊತ್ತಿಲ್ರಿ ಸಾಹೇಬ್ರ' ಎಂದ ಅವನು. 'ನನ್ನ ಹೇಣ್ತೀನೂ ಇದನ್ನ ಕೇಳಿದ್ಲ್ರಿ.'

'ಹೆಂಡತಿ ಏನು ಓದಿದ್ದಾಳೆ?'

'ಏನೂ ಇಲ್ರಿ. ರಜಾದಾಗ ನಾ ಪಾಠ ಒದರಾಕತ್ರ ಆಕಿಗೆ ಬ್ಯಾಸರ ಆಗತಿತ್ತು. ರೊಟ್ಟಿ ಬಡಿಯೂ ಮುಂದ, ನನಗ ತಿಳಿಯೂ ಹಂಗ ಹೇಳು ಇಲ್ಲಾಂದ್ರ ಸುಮ್ಮನಿರು ಅಂತಿದ್ಲು. ಇದನ್ನ ಹೇಳಿದೆ. ದೀಪ ಆರಿದ ಮ್ಯಾಲ ನೀರು ಕೊಳವ್ಯಾಗ ಹಿಂದಕ ಬರಂಗಿಲ್ಲೇನು, ಕಾದ ಹಂಚಿಗೆ ತಣ್ಣೀರು ಬಿದ್ರ ಸೀಳಂಗಿಲ್ಲೇನು ಅಂದ್ಲು.'

'ನೀನು ಏನಂದೆ?'

'ಮಾಸ್ತರು ಬರಿಸ್ಯಾರ, ನೀ ಸುಮ್ಮನ ರೊಟ್ಟಿ ಬಡಿ ಅಂದ್ನಿರಿ.'

ಇನ್ಸ್‌ಪೆಕ್ಟರ್ ಎದ್ದು ನಿಂತು ಬೀರುವಿನ ಕೀಲಿ ಕೇಳಿದರು. ರಂಗರಾಯರು ಜೇಬು ತಡಕಿ ತಡಕಿ ಕೊಟ್ಟರು. ಪುಡಿ ಏನೂ ಬೇಡ, ಬರೀ ನಳಿಕೆ ಸಾಕು ಎಂದು ಇನ್ಸ್‌ಪೆಕ್ಟರ್ ತಾವೇ ಸ್ಪಿರಿಟ್ ದೀಪ ಹಚ್ಚಿ ನಳಿಕೆಯನ್ನು ಕಾಯಿಸಿದರು. ತೊಟ್ಟಿಯಲ್ಲಿ ಗುಳ್ಳೆ ಎದ್ದವು. ಎರಡು ವರ್ಷ ನಾನು ಬರೆಸಿದ ಗುಳ್ಳೆಗಳನ್ನು ಆ ಹನ್ನೊಂದು ಜನ ಮೊದಲ ಸಲ ಕಣ್ಣಿಂದ ನೋಡಿದರು. ಆಮೇಲೆ ನನ್ನ ನೋಟ್ಸಿನ ಪ್ರಕಾರ ಇನ್ಸ್‌ಪೆಕ್ಟರ್ ಮೊದಲು ದೀಪ ಆರಿಸಿದರು. ಒಳಗಿನ ಗಾಳಿ ತಣಿದು ಕುಗ್ಗಿದಂತೆ ನೀರು ಕೊಳವೆಯಲ್ಲಿ ಮೆಲ್ಲಗೆ ಹಿಂದಕ್ಕೆ ಏರಿ ನಳಿಕೆಯೊಳಗೆ ಬಂತು. ಟಪ್ಪೆಂದು ನಳಿಕೆ ಸೀಳಿತು. ರಂಗರಾಯರು 'ಅಯ್ಯೋ' ಎಂದರು. ಅವರು ಮರುಗಿದ್ದು ನಳಿಕೆಗೆ.

ಫಲಿತಾಂಶ ಬಿಟ್ಟರು. ಆ ಪ್ರಶ್ನೆಯ ಅಂಕ ಎಲ್ಲರಿಗೂ ಹೋಯಿತು. ದುರುಗಪ್ಪ ಪಾಸಾಗಿ, ಹಾಸ್ಟೆಲ್ಲಿನಲ್ಲಿ ಸೀಟು ಸಿಕ್ಕು ಕಾಲೇಜಿಗೆ ಹೋದ. ನನ್ನನ್ನು ಪ್ರೌಢಶಾಲೆಯಿಂದ ಕಿತ್ತು ಮಸ್ಕಿಯ ಮಾಧ್ಯಮಿಕ ಶಾಲೆಗೆ ಹಾಕಿದರು. ಶಿಕ್ಷೆಯೇ ಅದು. ನಾನು ಅದನ್ನು ಶಿಕ್ಷೆ ಎಂದು ತೆಗೆದುಕೊಳ್ಳಲಿಲ್ಲ. ರಂಗರಾಯರು ಬಿಡುಗಡೆಯ ಪತ್ರ ಕೊಡುವಾಗ 'ಹಟಮಾರಿ' ಎಂದರು. ಹೌದು ಎಂದೆ.

ಮಸ್ಕಿಗೆ ಹೋದ ದಿನವೇ ಹೇಳಿದೆ, ನಾನು ನೋಟ್ಸ್ ಬರೆಸುವುದಿಲ್ಲ ಎಂದು. ಒಂದು ಪುಟ ಓದಬೇಕು, ಪುಸ್ತಕ ಮುಚ್ಚಬೇಕು, ಉಳಿದದ್ದನ್ನು ಬರೆಯಬೇಕು. ಮನೆಗೆ ಹೋಗಿ, ಶಾಲೆಗೆ ಬಾರದ ಒಬ್ಬರಿಗೆ ಅದನ್ನು ಹೇಳಬೇಕು. ಅವರು ಕೇಳಿದ ಒಂದು ಪ್ರಶ್ನೆಯನ್ನು ಮರುದಿನ ತರಬೇಕು. ಪ್ರಶ್ನೆ ತಾರದವರು ಪಾಠ ಓದಿಲ್ಲವೆಂದೇ ಲೆಕ್ಕ. ಮೊದಲ ತಿಂಗಳು ಊರಿಗೆ ಊರೇ ನನ್ನ ಮೇಲೆ ಬಿತ್ತು. ಅಡತಿ ಅಂಗಡಿಯ ಸಾಹುಕಾರರೊಬ್ಬರು ಶಾಲೆಗೇ ಬಂದು, 'ಮಾಸ್ತರ, ನಮ್ಮ ಹುಡುಗ ದಿನಾ ಬಂದು ಅವರವ್ವಗ ಮಳಿ ಹೆಂಗ ಆಗತೈತಿ ಅಂತ ಹೇಳಾಕತ್ತಾನ. ಒಲಿ ಮ್ಯಾಲಿನ ಪಲ್ಯ ಹೊತ್ತಿ ಹೊಂಟೈತಿ. ಸುಮ್ಮನ ಬರಸ್ರಿ' ಎಂದರು. ಆಕೆ ಏನು ಪ್ರಶ್ನೆ ಕೇಳಿದಳೆಂದು ವಿಚಾರಿಸಿದೆ. 'ಸಮುದ್ರದ ನೀರು ಉಪ್ಪು, ಮಳಿ ನೀರು ಯಾಕ ಸಪ್ಪಗ ಅಂತ ಕೇಳ್ಯಾಳ' ಎಂದರು. ನಿಮಗೆ ಗೊತ್ತೇ ಎಂದೆ. ಸಾಹುಕಾರರು ಉತ್ತರ ಕೇಳಿಕೊಂಡೇ ಹೋದರು. ನನ್ನ ಮೇಲೆ ಅರ್ಜಿಗಳು ಮಾತ್ರ ನಿಲ್ಲಲಿಲ್ಲ.

ಆ ದಸರಾ ರಜೆಯಲ್ಲಿ ದುರುಗಪ್ಪ ಮಸ್ಕಿಗೆ ಬಂದ. ಸೊರಗಿ ಹೋಗಿದ್ದ. ಕಾಲೇಜಿನಲ್ಲಿ ಎಲ್ಲ ಇಂಗ್ಲಿಷ್. ಪ್ರೊಫೆಸರರ ಮಾತು ಅರ್ಧ ತಿಳಿಯುವುದರಲ್ಲಿ ಉಳಿದರ್ಧ ದಾಟಿ ಹೋಗುತ್ತಿತ್ತು. ಹಾಸ್ಟೆಲ್ಲಿನ ಹಿರಿಯ ವಿದ್ಯಾರ್ಥಿಯ ನೋಟ್ಸ್ ತಂದು ಇಡೀ ಉರು ಹೊಡೆದಿದ್ದ. ಟರ್ಮಿನಲ್ ಪರೀಕ್ಷೆಯಲ್ಲಿ ಒಂದನ್ನು ಬಿಟ್ಟು ಎಲ್ಲದರಲ್ಲೂ ನಪಾಸು.

'ಸರ, ನನ್ನ ಕೈಲಿ ನೀಗೂದಿಲ್ರಿ. ಊರಿಗೆ ಹೋಗಿ ವಾಲೀಕಾರ್ಕಿ ಮಾಡ್ತೀನಿ. ಇಲ್ಲಾಂದ್ರ ನೀವ ನನಗ ನೋಟ್ಸ್ ಬರದ್ ಕೊಡ್ರಿ, ಕಾಲು ಬೀಳ್ತೀನಿ' ಎಂದ. ನಿಜವಾಗಿಯೂ ಬಗ್ಗಿದ.

ಬರೆದುಕೊಡಬಹುದಿತ್ತು. ಅವನ ಮೊದಲ ವರ್ಷದ ಪುಸ್ತಕ ನನಗೆ ಗೊತ್ತಿದ್ದದ್ದೇ. ಆ ಗಳಿಗೆಯಲ್ಲಿ ಅವನ ಮುಖ ನೋಡಿ ಒಪ್ಪಿಕೊಂಡುಬಿಡುತ್ತಿದ್ದೆ. ಆದರೆ ಒಡೆದ ನಳಿಕೆ ಕಣ್ಣ ಮುಂದಿತ್ತು. 'ಬರದ್ ಕೊಡಂಗಿಲ್ಲ. ನಡಿ, ನಿಮ್ಮೂರಿಗೆ ಹೋಗೋಣು. ನಿನ್ನ ಹೇಣ್ತಿ ಕೂಡ ಮಾತಾಡೋದೈತಿ' ಎಂದೆ.

ಅವನ ಹೆಂಡತಿ ಹುಲಿಗೆಮ್ಮನನ್ನು ಆಗಲೇ ಮೊದಲು ಕಂಡದ್ದು. ಗಿಡ್ಡ ಆಳು, ನೇರ ನೋಟ. ನಾನು ಅವರ ಮನೆಯೊಳಗೆ ಹೋಗಿ ಕೂತು, ಅವಳು ಕೊಟ್ಟ ರೊಟ್ಟಿ ಪುಂಡಿಪಲ್ಯ ತಿಂದೆ. ನಮ್ಮ ಮಂದಿಗೆ ಸುದ್ದಿ ಮುಟ್ಟಿ ಮಸ್ಕಿಯಲ್ಲಿ ನನಗೆ ನೀರು ಕೊಡಲು ಹಿಂದುಮುಂದು ನೋಡಿದವರಿದ್ದರು. ನೋಡಲಿ, ಬಾವಿ ಅವರಪ್ಪನದಾಗಿರಲಿಲ್ಲ. ದಸರಾ ರಜೆ ಮುಗಿಯುವವರೆಗೆ ದಿನಾ ನಡೆದು ಹೋಗಿ ಬಂದೆ.

ನನ್ನ ಲೆಕ್ಕಾಚಾರ ಇಷ್ಟೇ ಇತ್ತು. ನಾಳೆ ಪ್ರೊಫೆಸರರು ಹೇಳುವ ಪುಟವನ್ನು ಇಂದೇ ಒಮ್ಮೆ ಓದಿ, ತಿಳಿಯದ ಇಂಗ್ಲಿಷ್ ಶಬ್ದಗಳನ್ನು ಗುರುತು ಮಾಡಿಕೊಂಡು ಹೋಗಬೇಕು. ತರಗತಿಯಲ್ಲಿ ಎಲ್ಲವನ್ನೂ ಬರೆಯುವ ಗೋಜಿಗೆ ಹೋಗಬಾರದು, ಯಾಕೆ ಎಂಬುದನ್ನು ಅವರು ಹೇಳಿದ ಕಡೆ ಮಾತ್ರ ಬರೆದುಕೊಳ್ಳಬೇಕು. ಅಂದೇ ಸಂಜೆ ಪುಸ್ತಕ ಮುಚ್ಚಿ ಕನ್ನಡದಲ್ಲಿ ತನ್ನ ಮಾತಿನಲ್ಲಿ ಬರೆಯಬೇಕು, ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ. ಎಂಟು ದಿನ ಬಿಟ್ಟು ಮತ್ತೊಮ್ಮೆ ಪುಸ್ತಕ ನೋಡದೆ ಬರೆಯಬೇಕು. ಇದನ್ನು ಹುಲಿಗೆಮ್ಮನ ಮುಂದೆ ಕೂತು ದುರುಗಪ್ಪನಿಂದ ಮಾಡಿಸಿದೆ. ಮೊದಲ ದಿನ ಅರ್ಧ ಪುಟ ಹೇಳಲು ಅವನು ಬೆವರಿದ. ಅವಳು ಬಿಡಲಿಲ್ಲ. 'ಅದು ಹಂಗ್ಯಾಕ?' ಎನ್ನುವಳು. ಇವನು ತಡಬಡಿಸಿ ಪುಸ್ತಕಕ್ಕೆ ಕೈ ಹಾಕಿದರೆ, ಅದನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುವಳು.

'ಕಾಲೇಜಿನಾಗ ಆಕಿ ಇರಂಗಿಲ್ಲಲ್ರಿ ಸರ' ಎಂದ ದುರುಗಪ್ಪ, ಹೊರಡುವ ದಿನ.

'ವಾರಕ್ಕೊಂದು ಕಾರ್ಡು ಹಾಕು' ಎಂದಳು ಅವಳು. 'ಆ ವಾರ ಏನ್ ಕಲ್ತಿ ಅಂತ ನನಗ ತಿಳಿಯೂ ಹಂಗ ಬರಿ.'

'ನಿನಗ ಓದಾಕ ಬರಂಗಿಲ್ಲ.'

'ಅದು ನನ್ನ ಚಿಂತಿ. ನೀ ಹಾಕು.'

ಕಾರ್ಡು ಬರತೊಡಗಿದವು. ಊರಲ್ಲಿ ಓದಬಲ್ಲವರಿದ್ದರು, ಅವಳಿಗೆ ಓದಿ ಹೇಳುವ ಮನಸ್ಸು ಯಾರಿಗೂ ಇರಲಿಲ್ಲ. ಹೀಗಾಗಿ ಸಂತೆಗೆ ಮಸ್ಕಿಗೆ ಬಂದಾಗ ಕಾರ್ಡು ಹಿಡಿದು ಶಾಲೆಯ ಕಟ್ಟೆಗೆ ಬರುತ್ತಿದ್ದಳು. ನಾನು ಓದುತ್ತಿದ್ದೆ. ಅವಳು ಪ್ರಶ್ನೆ ಹೇಳುತ್ತಿದ್ದಳು, ಇನ್ನೊಂದು ಕಾರ್ಡಿನಲ್ಲಿ ನಾನು ಅದನ್ನು ಬರೆಯುತ್ತಿದ್ದೆ. ಯೋಗಕ್ಷೇಮ ಒಂದು ಸಾಲು, ಪ್ರಶ್ನೆ ನಾಲ್ಕು ಸಾಲು. ಒಮ್ಮೆ ಅವಳ ಪ್ರಶ್ನೆಯನ್ನು ನಾನು ಸ್ವಲ್ಪ ತಿದ್ದಿ ಪುಸ್ತಕದ ಭಾಷೆಯಲ್ಲಿ ಬರೆದೆ. ಓದಿ ಹೇಳಿದಾಗ, 'ನಾ ಹಿಂಗ ಕೇಳಿಲ್ರಿ. ನಾ ಅಂದಂಗ ಬರೀರಿ' ಎಂದಳು. ಅದೇ ವಾರದಿಂದ ಕಾರ್ಡಿನ ಅಕ್ಷರಗಳನ್ನೇ ತೋರಿಸಿ ಇದು ಯಾವುದು, ಇದು ಯಾವುದು ಎಂದು ಕೇಳತೊಡಗಿದಳು. ಅವಳಿಗೆ ನಾನು ಪಾಟಿ ಹಿಡಿಸಲಿಲ್ಲ, ಗಂಡನ ಕಾರ್ಡುಗಳೇ ಅವಳ ಮೊದಲ ಪುಸ್ತಕ. ಮುಂದಿನ ಮಳೆಗಾಲದ ಹೊತ್ತಿಗೆ ಒಂದು ದಿನ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, 'ಕೊಡ್ರಿ ಇಲ್ಲಿ' ಎಂದು ತಾನೇ ಬರೆದಳು. ಸೊಟ್ಟ ಅಕ್ಷರ, ಒಂದೇ ಸಾಲು: ಅದು ಹಂಗ್ಯಾಕ. ನನಗೆ ಕಣ್ಣು ತುಂಬಿ ಬಂದಿತು, ಇದರಲ್ಲಿ ನಾಚಿಕೆಪಡುವುದೇನೂ ಇಲ್ಲ.

ದುರುಗಪ್ಪ ಮೊದಲ ವರ್ಷ ಕಷ್ಟದಿಂದ ದಾಟಿದ. ಎರಡನೇ ವರ್ಷದ ಅವನ ಕಾರ್ಡುಗಳು ಬೇರೆಯೇ ಇದ್ದವು. ಮೊದಲೆಲ್ಲ ಪುಸ್ತಕದ ವಾಸನೆ ಹೊಡೆಯುತ್ತಿದ್ದವು. ಈಗ ಬೆಳಕು ಬಾಗುವುದನ್ನು ಹೇಳಲು ಹಳ್ಳದ ನೀರಿನಲ್ಲಿ ಡೊಂಕಾಗಿ ಕಾಣುವ ಕೋಲನ್ನು ತರುತ್ತಿದ್ದ. ಅವಳು ಏನು ಕೇಳಬಹುದೆಂದು ಮೊದಲೇ ಯೋಚಿಸಿ ಉತ್ತರ ಸೇರಿಸುತ್ತಿದ್ದ. ಹೊಸಬರೇ, ಇದನ್ನು ಗಮನಿಸಿರಿ. ಪರೀಕ್ಷೆಯಲ್ಲಿ ಪ್ರಶ್ನೆಯನ್ನು ಹೇಗೆ ತಿರುಗಿಸಿ ಕೇಳಿದರೂ ಅವನು ಹೆದರಬೇಕಾಗಿರಲಿಲ್ಲ. ಹುಲಿಗೆಮ್ಮನಷ್ಟು ತಿರುಗಿಸಿ ಕೇಳುವ ಪರೀಕ್ಷಕ ಯಾವ ವಿಶ್ವವಿದ್ಯಾಲಯದಲ್ಲೂ ಇರಲಿಲ್ಲ.

೧೯೫೫ರ ಬೇಸಿಗೆಯಲ್ಲಿ ಫಲಿತಾಂಶ ಬಂತು. ದುರುಗಪ್ಪ ಮೊದಲು ತಿಳಿಸಿದ್ದು ಮನೆಗೆ. ನಾನು ಸುದ್ದಿ ಕೇಳಲೆಂದು ಅವರ ಹಳ್ಳಿಗೆ ಹೋದ ದಿನವೇ ಕಾರ್ಡು ಬಂದಿತ್ತು. ನಾನು ಕೇರಿಯ ಬಾಯಿಗೆ ಬರುವಷ್ಟರಲ್ಲಿ ಪೊಲೀಸ್ ಪಾಟೀಲರು ಅಲ್ಲಿ ಬಂದು ನಿಂತಿದ್ದರು, ಹಿಂದೆ ಇಬ್ಬರು ಆಳುಗಳು. ಕೇರಿಯೊಳಗೆ ಕಾಲಿಡದೆ ಅಲ್ಲಿಂದಲೇ ಕೂಗಿ ಕೇಳಿದರು.

'ಏ ಹುಲಿಗೆಮ್ಮ, ನಿನ್ನ ಗಂಡ ಯಾವಾಗ ಬರ್ತಾನ? ನಿಮ್ಮ ಮಾವ ನೆಲ ಹಿಡದಾನ, ಕೆಲಸ ಖಾಲಿ ಬಿದ್ದೈತಿ.'

ಹುಲಿಗೆಮ್ಮ ಬಾಗಿಲಿಗೆ ಬಂದಳು. ಕೈಯಲ್ಲಿ ಕಾರ್ಡಿತ್ತು. ಕೇರಿಯ ಹೆಂಗಸರು ಗಂಡಸರು ಹೊರಗೆ ಬಂದು ನೋಡುತ್ತಿದ್ದರು. ಅವಳು ಕಾರ್ಡನ್ನು ಎತ್ತಿ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ, ಎಲ್ಲರಿಗೂ ಕೇಳುವಂತೆ ಓದಿದಳು. ಇಂಟರ್‌ಮೀಡಿಯೆಟ್ ಎರಡನೇ ದರ್ಜೆಯಲ್ಲಿ ಪಾಸು, ಮುಂದೆ ಬಿ.ಎಸ್ಸಿ.ಗೆ ಹೆಸರು ಹಚ್ಚುತ್ತೇನೆ. ಆ ಹೊತ್ತಿನವರೆಗೆ ಅವಳಿಗೆ ಓದಲು ಬರುತ್ತದೆಂದು ಪಾಟೀಲರಿಗೆ ಗೊತ್ತಿರಲಿಲ್ಲ.

'ಬರಂಗಿಲ್ರಿ ಗೌಡ್ರ' ಎಂದಳು. 'ಇನ್ನ ಆ ಕೆಲಸಕ್ಕ ನಮ್ಮ ಮನ್ಯಾಗಿಂದ ಯಾರೂ ಬರಂಗಿಲ್ಲ.'

'ಬಿ.ಎಸ್ಸಿ. ಅಂತ! ಮಾಡಿ ಏನ್ ಕಡಿತಾನ?'

'ಬೆಳಕು ಯಾಕ ಬಾಗತೈತಿ, ನೀರು ಯಾಕ ಹಿಂದಕ ಬರತೈತಿ, ಎಲ್ಲಾ ಕಲಿತಾನ್ರಿ. ಯಾಕಂತ ಕೇಳ್ರಿ, ನಾನ ಹೇಳ್ತೀನಿ.'

ಪಾಟೀಲರು ನನ್ನ ಕಡೆ ಒಮ್ಮೆ ಕೆಂಗಣ್ಣಿನಿಂದ ನೋಡಿದರು. ಏನೋ ಗೊಣಗಿಕೊಂಡು, ಆಳುಗಳನ್ನು ಕರೆದುಕೊಂಡು ತಿರುಗಿ ಹೋದರು. ಯಾಕೆ ಎಂದು ಅವರು ಕೇಳಲಿಲ್ಲ.

ನಾನು ಕಟ್ಟೆಯ ಮೇಲೆ ಕೂತು, ಯಾಕೆ ಎಂದು ಕೇಳಿದೆ. ಹುಲಿಗೆಮ್ಮ ಕಾರ್ಡನ್ನು ಮಡಿಲಲ್ಲಿಟ್ಟುಕೊಂಡು ಇಡೀ ಕೇರಿಯೆದುರು ಅರ್ಧ ತಾಸು ಹೇಳಿದಳು.